ಹಿಂದಿನ ಗಾಡಿಯಲ್ಲಿ ಮಲಗಿದ್ದ ಸಾಲಿಂ

“ಶ್ವಯ್ ಶ್ವಯ್” ಎಂದರು ಹಿಂದಿನ ಸೀಟಿನಲ್ಲಿದ್ದ ಹಿರಿಯ ಹೆಂಗಸು. ನಿಧಾನ, ನಿಧಾನ ಎಂದು ಅರ್ಥ. ಕುವೈತಿಗೆ ಬಂದು ಹನ್ನೆರಡು ದಿನವಾಗಿದ್ದ ನನಗೆ ಅಷ್ಟು ಅರಬಿ ತಿಳಿಯುತ್ತಿತ್ತು. ಆದರೆ ಅದರ ಬೆನ್ನಿಗೇ ಅವರು ಹೇಳಿದ ಮಾತು ಅರ್ಥವಾಗದೆ, ಅವರ ಪಕ್ಕದಲ್ಲಿ ಕೂತಿದ್ದ ಮನೆಗೆಲಸದ ಸೋಮಾಳತ್ತ ಕನ್ನಡಿಯಲ್ಲಿ ನೋಡಿದೆ. ಅವಳು ಹಿಂದಿಯಲ್ಲಿ ಹೇಳಿದಳು: “ಹಿಂದಿನ ಗಾಡಿಯಲ್ಲಿ ಸಾಲಿಂ ಮಲಗಿದ್ದಾನಂತೆ. ಕುಲುಕಿಸಬೇಡ ಅಂತಾರೆ.”

ನಾವು ಹೋಗುತ್ತಿದ್ದದ್ದು ದಕ್ಷಿಣದ ಹೆದ್ದಾರಿಯಲ್ಲಿ. ನಮ್ಮ ದೊಡ್ಡ ಗಾಡಿಯ ಹಿಂದೆ ಕೊಕ್ಕೆ ಹಾಕಿ ಎಳೆಯುತ್ತಿದ್ದ ಬಿಳಿ ಕರವಾನ್ ಇತ್ತು. ಎರಡು ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ಗ್ಯಾಸಿನ ಫ್ರಿಜ್ಜು, ಗ್ಯಾಸಿನ ಹೀಟರ್ ಎಲ್ಲ ಇರುವ ಗಾಲಿಯ ಮನೆ. ಅದು ಓಡುವಾಗ ಒಳಗೆ ನರಪಿಳ್ಳೆಯೂ ಇರಬಾರದು ಎಂದು ನನಗೆ ಹೇಳಿಕೊಟ್ಟಿದ್ದರು. ಬದಿಗೆ ನಿಲ್ಲಿಸಿ, ಇಳಿದು ಓಡಿ ಹೋಗಿ ಬಾಗಿಲು ತೆಗೆದೆ.

ಒಳಗೆ ಯಾರೂ ಇರಲಿಲ್ಲ. ಒಂದು ಹಾಸಿಗೆ ಖಾಲಿ. ಇನ್ನೊಂದರ ಮೇಲೆ ಇಸ್ತ್ರಿ ಮಾಡಿದ ಹೊದಿಕೆ, ದಿಂಬಿನ ಮೇಲೆ ಮಡಿಸಿಟ್ಟ ಬಿಳಿ ನಿಲುವಂಗಿ, ತಲೆಯ ಹತ್ತಿರ ಮುಚ್ಚಳ ತೆಗೆಯದ ನೀರಿನ ಬಾಟಲಿ. ಊದಿನ ಹೊಗೆಯ ಪರಿಮಳ ಬಟ್ಟೆಗಳಿಂದ ಬರುತ್ತಿತ್ತು. ನನ್ನ ಹಿಂದೆಯೇ ಇಳಿದು ಬಂದ ಸೋಮಾ ಮುಂದಿನ ಗಾಡಿಯಲ್ಲಿದ್ದ ಹಿರಿಯ ಹೆಂಗಸಿನತ್ತ ಕಣ್ಣು ಹಾಯಿಸಿ ಮೆಲ್ಲಗೆ ಹೇಳಿದಳು: “ಸಾಲಿಂ ಇಲ್ಲ. ಸಾಲಿಂ ಸತ್ತು ಇಪ್ಪತ್ತು ವರ್ಷ ಆಯಿತು. ಮಾಮಾನ ಹತ್ತಿರ ಏನೂ ಕೇಳಬೇಡ. ಬಾಗಿಲು ಮೆತ್ತಗೆ ಹಾಕು.”

ನಾನು ಬಾಗಿಲನ್ನು ಮೆತ್ತಗೆ ಹಾಕಿದೆ. ಉಳಿದ ದಾರಿಯನ್ನೆಲ್ಲ ನಿಧಾನವಾಗಿ ಓಡಿಸಿದೆ. ಹಿಂದೆ ಯಾರೂ ಇಲ್ಲವೆಂದು ಕಣ್ಣಾರೆ ಕಂಡಿದ್ದರೂ ರಸ್ತೆಯ ಉಬ್ಬು ಬಂದಾಗಲೆಲ್ಲ ಬ್ರೇಕಿನ ಮೇಲೆ ಕಾಲು ತಾನಾಗಿ ಹೋಗುತ್ತಿತ್ತು.

ನನ್ನ ಹೆಸರು ಹಮೀದ್. ಊರು ಪಾಣೆಮಂಗಳೂರು. ಅಲ್ಲಿ ಆರು ವರ್ಷ ಗ್ಯಾಸ್ ಏಜೆನ್ಸಿಯ ಪಿಕಪ್ ಓಡಿಸಿ, ಸಿಲಿಂಡರ್ ಹೊತ್ತು ಮನೆಮನೆಗೆ ಇಳಿಸಿದವನು. ಇಲ್ಲಿಗೆ ಬಂದದ್ದು ಮನೆಯ ಡ್ರೈವರ್ ಆಗಿ. ನನ್ನನ್ನು ಕರೆಸಿಕೊಂಡ ಯಜಮಾನ, ಇಲ್ಲಿನವರ ಮಾತಿನಲ್ಲಿ ಕಫೀಲ್, ಬದರ್ ಎಂಬವರು. ನಲವತ್ತೈದರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಗ್ಯಾಸಿನ ಕೆಲಸ ಗೊತ್ತಿರುವ ಡ್ರೈವರೇ ಬೇಕೆಂದು ಅವರು ಕೇಳಿದ್ದು ಯಾಕೆಂದು ನನಗೆ ಆ ಹನ್ನೆರಡನೇ ದಿನ ತಿಳಿಯಿತು. ಹಿಂದಿನ ಸೀಟಿನಲ್ಲಿದ್ದ ಅವರ ತಾಯಿ ಪ್ರತಿ ಚಳಿಗಾಲ ಕರವಾನಿನಲ್ಲಿ ಮರುಭೂಮಿಗೆ ಹೋಗುತ್ತಿದ್ದರು.

ಮನೆಗೆಲಸದವರು ಇಲ್ಲಿ ಯಜಮಾನನನ್ನು ಬಾಬಾ ಎಂದೂ ಯಜಮಾನಿಯನ್ನು ಮಾಮಾ ಎಂದೂ ಕರೆಯುತ್ತಾರೆ. ಹೆಂಗಸನ್ನು ಮಾಮಾ ಎನ್ನಲು ನನಗೆ ಮೊದಮೊದಲು ನಗು ಬರುತ್ತಿತ್ತು. ಅಜ್ಜಿಯಾದವರು ಮಾಮಾ ಕಬೀರಾ, ದೊಡ್ಡ ಮಾಮಾ. ಆದರೆ ನೆಂಟರು, ನೆರೆಯವರು ಅವರನ್ನು ಕರೆಯುತ್ತಿದ್ದದ್ದು ಉಮ್ಮು ಸಾಲಿಂ ಎಂದು, ಅಂದರೆ ಸಾಲಿಮನ ತಾಯಿ. ಹಿರಿಯ ಮಗನ ಹೆಸರಿನಿಂದಲೇ ತಾಯಿಯನ್ನು ಕರೆಯುವುದು ಇಲ್ಲಿನ ಮರ್ಯಾದೆ. ಮಗ ಸತ್ತರೂ ಹೆಸರು ಬದಲಾಗುವುದಿಲ್ಲ. ದಿನಕ್ಕೆ ಹತ್ತಾರು ಸಲ, ಸಲಾಮು ಹೇಳುವಾಗ, ಫೋನಿನಲ್ಲಿ, ಬಾಗಿಲ ಬಳಿ, ಜನ ಅವರಿಗೆ ಸತ್ತ ಮಗನ ಹೆಸರು ಹೇಳುತ್ತಿದ್ದರು. ಅವರು ಹೇಗೆ ಮರೆಯಬೇಕು?

ಸಾಲಿಮನ ಕಥೆ ನನಗೆ ಹೇಳಿದ್ದು ಸೋಮಾ. ಅವಳು ಶ್ರೀಲಂಕಾದವಳು, ಆ ಮನೆಯಲ್ಲಿ ಆಗಲೇ ಇಪ್ಪತ್ತನಾಲ್ಕು ವರ್ಷದಿಂದ ಇದ್ದವಳು. ನಾನು ಅಭ್ಯಾಸಬಲದಿಂದ ಅಕ್ಕ ಎಂದಾಗ ಅವಳು ಬೆರಗಾಗಿ ನೋಡಿದಳು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ ಅಂತೆ. ತಮ್ಮನಿಗೆ ಮಲ್ಲಿ. ಅಂದಿನಿಂದ ನಾನು ಅವಳಿಗೆ ಮಲ್ಲಿ. ಗಂಡಸಿಗೆ ಮಲ್ಲಿಗೆಯ ಹೆಸರೇ ಎಂದು ಊರಿಗೆ ಫೋನ್ ಮಾಡಿ ಹೇಳಿದಾಗ ಹೆಂಡತಿ ನಸೀಮಾ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಊರ ಹೊರಗಿನ ಮರುಭೂಮಿಗೆ ಇಲ್ಲಿ ಬರ್ ಎನ್ನುತ್ತಾರೆ. ಚಳಿಗಾಲ ಬಂತೆಂದರೆ ಎಷ್ಟೋ ಕುವೈತಿ ಕುಟುಂಬಗಳು ಅಲ್ಲಿ ಡೇರೆ ಹಾಕಿ ದಿನಗಟ್ಟಲೆ ಇರುತ್ತವೆ. ಆಗ ಈ ಮನೆಯವರೂ ಡೇರೆಯಲ್ಲೇ ಇರುತ್ತಿದ್ದರು. ಆ ವರ್ಷ ಸಾಲಿಂ ಒಂದು ದಿನ ಮೊದಲೇ ಹೋಗಿ ಡೇರೆ ಹಾಕಿದ. ಇಪ್ಪತ್ತೆಂಟು ವರ್ಷದವನು. ಚಳಿ ಹೆಚ್ಚಾಯಿತೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗೆ ತಂದಿಟ್ಟುಕೊಂಡು ಮಲಗಿದ್ದ. ಬೆಳಗ್ಗೆ ಮನೆಯವರು ತಿಂಡಿ ಕಟ್ಟಿಕೊಂಡು ಬಂದರು. ಡೇರೆಯ ಒಳಗೆ ಮೊದಲು ಕಾಲಿಟ್ಟವರು ತಾಯಿ. ಮಗನ ಮುಖ ಎಷ್ಟು ಕೆಂಪಗೆ, ಎಷ್ಟು ಶಾಂತವಾಗಿತ್ತೆಂದರೆ, ಅವರು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಹೊರಗೆ ಬಂದು ಹೇಳಿದರಂತೆ: “ದಣಿದು ಮಲಗಿದ್ದಾನೆ. ಎಬ್ಬಿಸಬೇಡಿ.”

“ನಾನು ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಹೊರಗೆ ನಿಂತಿದ್ದೆ ಮಲ್ಲಿ” ಎಂದಳು ಸೋಮಾ. “ಅರ್ಧ ಗಂಟೆ ನಿಂತಿದ್ದೆ. ಆಗಲೇ ಸತ್ತಿದ್ದನೋ, ಜೀವ ಇತ್ತೋ, ಯಾರಿಗೆ ಗೊತ್ತು? ಮಾಮಾ ಎಬ್ಬಿಸಬೇಡ ಅಂದರು, ನಾನು ನಿಂತೆ.”

ಆ ಮೇಲೆ ಸಾಲಿಮನ ತಂದೆ ಡೇರೆ ಬೇಡವೆಂದು ಈ ಕರವಾನ್ ಕೊಂಡರು. ಈಗ ಅವರೂ ಇಲ್ಲ.

ಕರವಾನಿನ ಗ್ಯಾಸಿನ ಬಗ್ಗೆ ನನಗೆ ಹೇಳಿಕೊಟ್ಟವರು ಹಸನಾಕ. ನಮ್ಮೂರ ಪಕ್ಕದ ಮೆಲ್ಕಾರಿನವರು, ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಕರವಾನುಗಳಿಗೆ ಪೈಪು, ಒಲೆ, ಹೀಟರ್ ಕೂರಿಸುವ ಕೆಲಸ. ಮೈದಾನ್ ಹವಲ್ಲಿಯ ಅವರ ರೂಮಿನಲ್ಲಿ ಎಂಟು ಜನ. ಶುಕ್ರವಾರ ಅಲ್ಲಿಗೆ ಹೋದರೆ ಬ್ಯಾರಿ ಮಾತು, ಬಂಗುಡೆ ಸಾರು, ಊರಿನ ಸುದ್ದಿ. ನಮ್ಮ ಬ್ಯಾರಿ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಊರಲ್ಲಿ ಆರು ವರ್ಷ ಗ್ಯಾಸ್ ಹೊತ್ತಿದ್ದೇನೆ, ನನಗೆ ಹೆದರಿಕೆ ಇಲ್ಲ” ಎಂದಿದ್ದೆ.

“ಹೆದರಿಕೆ ಇಲ್ಲದವನಿಗೇ ಹೇಳುವುದು ಮಾರಾಯ” ಎಂದರು ಹಸನಾಕ. “ಊರಲ್ಲಿ ಗ್ಯಾಸ್ ಲೀಕ್ ಆದ್ರೆ ವಾಸನೆ ಬರ್ತದೆ, ಹೆಂಗಸರು ಓಡಿ ಬಂದು ಕಿಟಕಿ ತೆಗೀತಾರೆ. ಆ ವಾಸನೆ ಉರಿಯದ ಗ್ಯಾಸಿಗೆ ಮಾತ್ರ. ಮುಚ್ಚಿದ ಜಾಗದಲ್ಲಿ ಉರಿದು ಆಮೇಲೆ ಬರುವ ವಿಷ ಉಂಟಲ್ಲ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿ ಅಂತ ಜನ ಎಲ್ಲ ಮುಚ್ಚಿ ಮಲಗ್ತಾರೆ. ಮತ್ತೆ ಏಳುವುದಿಲ್ಲ.”

ಅವರು ಹೇಳಿದ್ದನ್ನೆಲ್ಲ ನಾನು ಬಾಯಿಪಾಠ ಮಾಡಿದೆ. ಗಾಡಿ ಹೊರಡುವ ಮೊದಲು ಒಲೆಯ ಗುಂಡಿ ತಿರುಗಿಸಿದರೆ ಸಾಲದು, ಸಿಲಿಂಡರಿನ ತಲೆಯಲ್ಲೇ ಬಂದ್ ಮಾಡಬೇಕು. ಫ್ರಿಜ್ಜಿನ ಹಿಂದೆ ಉರಿಯುವ ಸಣ್ಣ ಜ್ವಾಲೆಯೂ ಆರಿರಬೇಕು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುವಾಗ ಆ ಒಂದು ಜ್ವಾಲೆ ಸಾಕು. ಸಿಲಿಂಡರ್ ನೆಟ್ಟಗೆ ನಿಂತು, ಬೆಲ್ಟಿನಿಂದ ಬಿಗಿಯಾಗಿರಬೇಕು. ಜಾಗ ತಲುಪಿದ ಮೇಲೆ, ಕುಲುಕಾಟಕ್ಕೆ ಪೈಪು ಸಡಿಲವಾಗಿದೆಯೋ ಎಂದು ಸಾಬೂನು ನೀರು ಹಚ್ಚಿ ನೋಡಿ, ಗುಳ್ಳೆ ಏಳದಿದ್ದರೆ ಮಾತ್ರ ಹೊತ್ತಿಸಬೇಕು. ನಮ್ಮ ಕರವಾನಿನ ಹಳೆಯ ಹೀಟರಿಗೆ ಹೊಗೆ ಹೊರಗೆ ಹೋಗುವ ಕೊಳವೆ ಇರಲಿಲ್ಲ. ಅದಕ್ಕೇ ಮೇಲೆ ಮಾಡಿನಲ್ಲಿರುವ ಗಾಳಿಕಿಂಡಿಯ ಮುಚ್ಚಳ ನಾಲ್ಕು ಬೆರಳು ತೆರೆದಿರಬೇಕು, ಬಾಗಿಲ ಬುಡದ ಜಾಲರಿಗೆ ಏನೂ ಅಡ್ಡ ಬರಬಾರದು. ಯಾರಾದರೂ ನಿದ್ದೆ ಮಾಡುವಾಗ ಹೀಟರ್ ಬೇಡವೇ ಬೇಡ. ಕೊಳವೆಯಿರುವ ಹೊಸ ಹೀಟರ್ ಹಾಕಿಸುವಂತೆ ಬದರ್ ಅವರಿಗೆ ಹೇಳಿದೆ. ಮುಂದಿನ ವರ್ಷ ನೋಡೋಣ ಎಂದರು. ಅಲ್ಲಿಯವರೆಗೆ ಇದಿರಲಿ ಎಂದು ಹಸನಾಕ ಅಂಗೈಯಗಲದ ಒಂದು ಅಲಾರಂ ಕೊಟ್ಟರು. ಆ ವಿಷಗಾಳಿ ಸೇರಿಕೊಂಡರೆ ಕೂಗುವ ಯಂತ್ರ. ಅದನ್ನು ಸಾಲಿಮನ ಹಾಸಿಗೆಯ ತಲೆಕಡೆ ಗೋಡೆಗೆ ನಾನೇ ಸಿಕ್ಕಿಸಿದೆ.

ಬರ್ ಎಂದರೆ ಸುಡುವ ಮರಳು ಎಂದುಕೊಂಡಿದ್ದ ನನಗೆ ಅಲ್ಲಿನ ಚಳಿ ತಿಳಿದಿರಲಿಲ್ಲ. ನಮ್ಮ ಹೊಳೆಯ ಹೊಯಿಗೆ ಒದ್ದೆ, ಭಾರ. ಬೊಗಸೆಯಲ್ಲಿ ತೆಗೆದರೆ ಕೈಗೆ ಅಂಟಿಕೊಳ್ಳುತ್ತದೆ. ಇಲ್ಲಿನ ಮರಳು ಹಿಟ್ಟು. ಗಾಳಿ ಬೀಸಿದರೆ ಹಲ್ಲಿನ ಸಂದಿಗೂ ಹೋಗುತ್ತದೆ. ಪಾಣೆಮಂಗಳೂರಿನಲ್ಲಿ ಯಾವ ಹೊತ್ತಿನಲ್ಲೂ ಏನಾದರೊಂದು ಸದ್ದು, ರೈಲು, ಬಸ್ಸಿನ ಹಾರ್ನು, ಯಾರದೋ ಮಗು. ಇಲ್ಲಿ ಗಾಳಿ ನಿಂತಾಗ ನನ್ನದೇ ಉಸಿರು ಕೇಳಿಸುತ್ತಿತ್ತು. ವಾರದ ದಿನಗಳಲ್ಲಿ ನಾವು ಮೂವರೇ. ಕರವಾನಿನಲ್ಲಿ ಮಾಮಾ ಮತ್ತು ಸೋಮಾಕ್ಕ; ನೆಲದಲ್ಲಿ ಹಾಸಿಕೊಂಡು ಮಲಗುತ್ತಿದ್ದಳು ಸೋಮಾಕ್ಕ, ಸಾಲಿಮನ ಹಾಸಿಗೆಯನ್ನು ಮುಟ್ಟುತ್ತಿರಲಿಲ್ಲ. ನನಗೆ ಬದಿಯಲ್ಲಿ ಸಣ್ಣ ಡೇರೆ. ಶುಕ್ರವಾರ ಬದರ್ ಅವರು ಹೆಂಡತಿ ಮಕ್ಕಳ ಜೊತೆ ಬಂದು ಸಂಜೆ ಹೊರಟುಹೋಗುತ್ತಿದ್ದರು.

ಸಣ್ಣಪುಟ್ಟ ಗೆಲುವುಗಳೂ ಇದ್ದವು. ಕರವಾನನ್ನು ಒಂದೇ ಸಲಕ್ಕೆ ಹಿಮ್ಮುಖವಾಗಿ ಮನೆಯ ಗೇಟಿನೊಳಗೆ ತಂದ ದಿನ ಬದರ್ ಅವರು ಕಿಟಕಿಯಿಂದ ಹೆಬ್ಬೆರಳು ತೋರಿಸಿದರು. ಮಾಮಾ ಹೇಳಿಕೊಟ್ಟಂತೆ ಒಣ ನಿಂಬೆ ಹಾಕಿ ಮಾಂಸದ ಅನ್ನ ಮಾಡಲು ಕಲಿತೆ. ನಮ್ಮ ತುಪ್ಪದ ಅನ್ನ ನೈಚೋರು ಮಾಡಿ ಬಡಿಸಿದರೆ ಅವರು ಮೂಸಿ ನೋಡಿ, “ಇದರಲ್ಲಿ ನಿಂಬೆ ಎಲ್ಲಿ?” ಎಂದು ಕೇಳಿ, ಎರಡು ಸಲ ಬಡಿಸಿಕೊಂಡರು.

ಎರಡನೇ ಚಳಿಗಾಲದಲ್ಲಿ ಅವರಿಗೆ ಮರೆವು ಹೆಚ್ಚಿತು. ಒಂದು ಬೆಳಗ್ಗೆ ನಾನು ಸಿಲಿಂಡರಿನ ಹತ್ತಿರ ಬಗ್ಗಿದ್ದಾಗ ಹಿಂದಿನಿಂದ ಕರೆದರು: “ಸಾಲಿಂ, ಯುಮ್ಮಾ, ಚಹಾ ಆರುತ್ತಿದೆ.” ಇಲ್ಲಿ ಮಕ್ಕಳು ತಾಯಿಯನ್ನು ಯುಮ್ಮಾ ಎನ್ನುತ್ತಾರೆ. ತಾಯಂದಿರೂ ಮುದ್ದಿನಿಂದ ಮಕ್ಕಳನ್ನು ಅದೇ ಪದದಿಂದ ಕರೆಯುತ್ತಾರೆ. ಬ್ಯಾರಿಗಳಾದ ನಮಗೆ ತಾಯಿ ಉಮ್ಮ. ಸಮುದ್ರ ದಾಟಿ ಬಂದ ಮೇಲೂ ಆ ಪದ ಹತ್ತಿರದ್ದೇ ಆಗಿತ್ತು. ನಾನು ತಿರುಗಿ, “ಮಾಮಾ, ನಾನು ಹಮೀದ್” ಎಂದೆ. ಅವರ ಮುಖ ಮಂಕಾಯಿತು. ಸೋಮಾಕ್ಕ ಕಣ್ಣಿನಲ್ಲೇ ನನ್ನನ್ನು ಗದರಿಸಿದಳು. ಮರುದಿನ ಹಾಗೆಯೇ ಕರೆದಾಗ ನಾನು “ಬಂದೆ ಯುಮ್ಮಾ” ಎಂದೆ. ಆ ಮೇಲೆ ನನ್ನ ಹೆಸರನ್ನು ಅವರಿಗೆ ಹೇಳಲಿಲ್ಲ.

ಆದರೆ ಅದು ನನ್ನನ್ನು ಕಾಡುತ್ತಿತ್ತು. ಸತ್ತವನ ಹೆಸರಿಗೆ ಓಗೊಡುವುದೆಂದರೆ ಅಪಶಕುನವೆಂದು ನಸೀಮಾ ಹೆದರುತ್ತಿದ್ದಳು. ನನಗೂ ಆಗ ಇಪ್ಪತ್ತೆಂಟು. ಸೂರ್ಯ ಕಂತುವ ಹೊತ್ತಿಗೆ ಕರವಾನಿನ ಕಿಟಕಿಯ ಗಾಜಿನಲ್ಲಿ ನನ್ನ ನೆರಳು ಕಂಡರೆ, ಒಳಗಿನಿಂದ ಯಾರೋ ನೋಡುತ್ತಿದ್ದಾರೆ ಅನಿಸಿ ಬೆಚ್ಚುತ್ತಿದ್ದೆ.

ಮೂರನೇ ಚಳಿಗಾಲದಲ್ಲಿ ಆದದ್ದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ.

ಜನವರಿಯ ಕೊನೆ. ಗೋಡೆಯ ಅಲಾರಂ ಚಿಂವ್ ಎಂದು ಒಂದೊಂದು ನಿಮಿಷಕ್ಕೆ ಸದ್ದು ಮಾಡತೊಡಗಿತು. ಬ್ಯಾಟರಿ ಮುಗಿಯುತ್ತಾ ಬಂದ ಸೂಚನೆ. ಮಾಮಾ ಅದನ್ನು ಕೇಳಿ ತಳಮಳಿಸಿದರು. “ಒಳಗೊಂದು ಹಕ್ಕಿ ಸಿಕ್ಕಿಹಾಕಿಕೊಂಡಿದೆ, ಪಾಪ, ಬಿಟ್ಟುಬಿಡು ಅದನ್ನು” ಎಂದು ನನ್ನ ತೋಳು ಹಿಡಿದು ಅಲುಗಿಸಿದರು. ನಾನು ಬ್ಯಾಟರಿ ತೆಗೆದು ಕಿಸೆಗೆ ಹಾಕಿಕೊಂಡೆ. ಮರುದಿನ ನೀರು ತರಲು ಹೆದ್ದಾರಿ ಬದಿಯ ಅಂಗಡಿಗೆ ಹೋದಾಗ ಹೊಸದು ತರುವ ಯೋಚನೆ.

ಮರುದಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸುವಷ್ಟರಲ್ಲಿ ನಸೀಮಾಳ ವಿಡಿಯೊ ಕರೆ ಬಂತು. ನಾನು ಇಲ್ಲಿಗೆ ಬಂದ ಮೇಲೆ ಹುಟ್ಟಿದ ನಮ್ಮ ಮಗಳು ಮೊದಲ ಸಲ ನಡೆಯುತ್ತಿದ್ದಳು. ನನ್ನ ಉಮ್ಮನ ಮಡಿಲಿನಿಂದ ಎದ್ದು, ನಾಲ್ಕು ಹೆಜ್ಜೆ ಇಟ್ಟು, ಚಾಪೆಯ ಮೇಲೆ ಬಿದ್ದು, ಅಳದೆ ಮತ್ತೆ ಎದ್ದಳು. “ಬಾಪಾಗೆ ತೋರಿಸು, ಬಾಪಾಗೆ ತೋರಿಸು” ಎಂದು ಎಲ್ಲರೂ ಕೂಗುತ್ತಿದ್ದರು. ನಾನು ಅಂಗಡಿಯ ಗೋಡೆಗೆ ಒರಗಿ ನಿಂತು ಅತ್ತೆ, ನಕ್ಕೆ. ನೀರಿನ ಕ್ಯಾನುಗಳನ್ನು ಏರಿಸಿಕೊಂಡು ಹಾಡು ಗುನುಗುತ್ತಾ ಮರಳಿದೆ. ಬ್ಯಾಟರಿಯ ನೆನಪಾದದ್ದು ಡೇರೆಗೆ ಬಂದ ಮೇಲೆ. ನಾಳೆ ತಂದರಾಯಿತು ಎಂದುಕೊಂಡೆ.

ಮಾರನೇ ದಿನ ನನಗೆ ಜ್ವರ. ಮರಳು ಗಾಳಿ ಬೀಸುತ್ತಿತ್ತು, ನನ್ನ ಡೇರೆಯ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮಧ್ಯಾಹ್ನ ಮಾಮಾ ತಾವೇ ಬಂದು ನನ್ನ ಹಣೆ ಮುಟ್ಟಿ ನೋಡಿದರು.

“ಇಲ್ಲಿ ಯಾಕೆ ಬಿದ್ದಿದ್ದೀ ಸಾಲಿಂ? ನಿನ್ನ ಹಾಸಿಗೆ ಅಲ್ಲಿದೆಯಲ್ಲ, ಏಳು.”

ನಾನು ಬೇಡವೆಂದೆ. ಸೋಮಾಕ್ಕ, “ಹೋಗು ಮಲ್ಲಿ, ಗಾಳಿ ನಿಲ್ಲುವವರೆಗೆ ಮಲಗು. ಹಗಲಲ್ಲವಾ” ಎಂದಳು. ಹೀಟರ್ ಆರಿತ್ತು. ಮಾಡಿನ ಮುಚ್ಚಳ ನಾಲ್ಕು ಬೆರಳು ತೆರೆದಿದ್ದದ್ದನ್ನು ನೋಡಿಯೇ ಮಲಗಿದೆ. ದಿಂಬಿನಲ್ಲಿ ಊದಿನ ವಾಸನೆ. ಮಾಮಾ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದು, ಹಾಸಿಗೆಯ ಅಂಚಿಗೆ ಸಿಕ್ಕಿಸಿ, ಏನನ್ನೋ ಓದಿ ನನ್ನ ಮುಖದ ಮೇಲೆ ಊದಿದರು. ಎರಡು ವರ್ಷದಿಂದ ಯಾರೂ ನನಗೆ ಹೊದಿಸಿರಲಿಲ್ಲ. ಕಣ್ಣು ತುಂಬಿ ಬಂತು. ಹಾಗೆಯೇ ನಿದ್ದೆ ಹತ್ತಿತು.

ಆಮೇಲೆ ನನಗೆ ನೆನಪಿರುವುದು ಇಷ್ಟೇ. ತಲೆ ಸಿಡಿಯುತ್ತಿತ್ತು, ಅದು ಜ್ವರವೆಂದುಕೊಂಡೆ. ಏಳಬೇಕೆನಿಸಿತು, ಕಾಲು ನನ್ನದಲ್ಲ ಎನ್ನುವಂತಿತ್ತು. ಎದುರಿನ ಖಾಲಿ ಹಾಸಿಗೆಯ ಮೇಲೆ ಬಿಳಿ ನಿಲುವಂಗಿ ತೊಟ್ಟವನೊಬ್ಬ ಕೂತು ನನ್ನನ್ನು ನೋಡುತ್ತಿದ್ದ. ಹೆದರಿಕೆ ಆಗಲಿಲ್ಲ. ನಿನ್ನ ಜಾಗದಲ್ಲಿ ಮಲಗಿದ್ದೇನೆ, ಕ್ಷಮಿಸು ಎನ್ನಬೇಕೆನಿಸಿತು. ಬಾಯಿ ತೆರೆಯಲಾಗಲಿಲ್ಲ.

ಉಳಿದದ್ದನ್ನು ಸೋಮಾಕ್ಕ ಹೇಳಿದಳು. ನಾನು ನಿದ್ದೆ ಹೋದ ಮೇಲೆ ಮಾಮಾ ಹೊರಗಿನ ಸಿಲಿಂಡರಿನ ವಾಲ್ವ್ ತಿರುಗಿಸಿ, ಹೀಟರ್ ಹೊತ್ತಿಸಿದ್ದರು. ಮಗನಿಗೆ ಗಾಳಿ ತಾಗದಿರಲೆಂದು ಮಾಡಿನ ಮುಚ್ಚಳವನ್ನು ಎಳೆದು ಹಾಕಿ, ಬಾಗಿಲ ಬುಡದ ಜಾಲರಿಗೆ ತಮ್ಮ ಉಣ್ಣೆಯ ಶಾಲನ್ನು ತುರುಕಿ, ಬಾಗಿಲು ಮುಚ್ಚಿ ಹೊರಗೆ ಬಂದಿದ್ದರು. ಗಾಳಿ ತಡೆಯಲು ಕಟ್ಟಿದ್ದ ಪರದೆಯ ಮರೆಯಲ್ಲಿ ಕೂತು, ಪಾತ್ರೆ ತೊಳೆಯುತ್ತಿದ್ದ ಸೋಮಾಕ್ಕನಿಗೆ ಹೇಳಿದರಂತೆ: “ದಣಿದು ಮಲಗಿದ್ದಾನೆ. ಎಬ್ಬಿಸಬೇಡ.”

ಸೋಮಾಕ್ಕ ಪಾತ್ರೆ ಬಿಟ್ಟು ಎದ್ದಳು. ಅವಳು ಬಾಗಿಲ ಹತ್ತಿರ ಹೋದಾಗ ಮಾಮಾ ಅಡ್ಡ ನಿಂತರು. ಎಂಬತ್ತರ ಮುದುಕಿ ಅವಳ ಕೂದಲು ಹಿಡಿದು ಎಳೆದರು, “ಬೇಡ, ಮಲಗಲಿ ಅವನು” ಎಂದು ಕಿರುಚಿದರು. ಇಪ್ಪತ್ತಾರು ವರ್ಷದಿಂದ ಒಂದು ಎದುರು ಮಾತು ಆಡದ ಸೋಮಾಕ್ಕ ತನ್ನ ಯಜಮಾನಿಯನ್ನು ಎರಡೂ ಕೈಯಿಂದ ತಳ್ಳಿ, ಒಳಗೆ ನುಗ್ಗಿ, ಹೊದಿಕೆ ಸಮೇತ ನನ್ನನ್ನು ಮರಳಿಗೆ ಎಳೆದು ಹಾಕಿದಳು.

“ಒಮ್ಮೆ ಮಾತು ಕೇಳಿದ್ದು ಸಾಕಾಗಿತ್ತು ಮಲ್ಲಿ” ಎಂದಳು.

ಅವಳು ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ನನ್ನನ್ನು ಒಯ್ದ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಾಕಿ ಎರಡು ದಿನ ಇಟ್ಟುಕೊಂಡರು. ಮೊದಲ ದಿನ ಸಂಜೆ ಬದರ್ ಅವರು ಬಂದು ಮಂಚದ ಪಕ್ಕ ನಿಂತರು.

“ಹೀಟರ್ ಹೊತ್ತಿಸಿದ್ದು ಯಾರು?”

“ಮಾಮಾ.”

“ಮುಚ್ಚಳ ಹಾಕಿದ್ದು? ಶಾಲು?”

“ಮಾಮಾ. ನನಗೆ ಚಳಿಯಾಗುತ್ತದೆ ಅಂತ.”

“ಆ ಅಲಾರಂ ಯಾಕೆ ಕೂಗಲಿಲ್ಲ?”

ಬ್ಯಾಟರಿ ಆಗ ನನ್ನ ಪ್ಯಾಂಟಿನ ಕಿಸೆಯಲ್ಲಿತ್ತು. ಪ್ಯಾಂಟು ಮಂಚದ ಕೆಳಗಿನ ಚೀಲದಲ್ಲಿತ್ತು. ಕೆಲಸ ಹೋಗುತ್ತದೆ, ಇಲ್ಲಿ ಇರಲು ಕೊಟ್ಟ ಇಕಾಮಾ ಪರವಾನಗಿ ರದ್ದಾಗುತ್ತದೆ, ನಾಳೆಯೇ ವಿಮಾನ ಹತ್ತಿಸುತ್ತಾರೆ ಎಂಬುದೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿತು.

“ಗೊತ್ತಿಲ್ಲ ಬಾಬಾ. ಹಾಳಾಗಿರಬೇಕು” ಎಂದೆ.

ಅವರು ತಲೆಯಾಡಿಸಿದರು. “ಖಲಾಸ್” ಎಂದರು. ಮುಗಿಯಿತು. ಅಮ್ಮನನ್ನು ಇನ್ನು ಬರ್‌ಗೆ ಕಳಿಸುವುದಿಲ್ಲ.

ಹೇಳಿದಂತೆಯೇ ಮಾಡಿದರು. ಕರವಾನನ್ನು ಮಾರಿದರು, ಹೀಟರ್ ಕಿತ್ತು ಹಾಕಿಯೇ ಮಾರಿದರು. ಮನೆಯ ಹೊರಬಾಗಿಲಿಗೆ ಮಾಮಾನ ಕೈಗೆಟುಕದ ಎತ್ತರದಲ್ಲೊಂದು ಚಿಲಕ ಬಂತು. ಅವರು ದಿನಾ ಬೆಳಗ್ಗೆ ಕಪ್ಪು ಅಬಾಯಾ ತೊಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಜಾರದಲ್ಲಿ ಕೂರುತ್ತಿದ್ದರು. ಮಕ್ಕಳನ್ನು ಶಾಲೆಗೆ ಬಿಟ್ಟು ನಾನು ಕೀಲಿ ಇಡಲು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು.

“ಯಲ್ಲಾ ಸಾಲಿಂ. ಹೊರಡೋಣವಾ?”

“ಬಾಚಿರ್, ಯುಮ್ಮಾ.” ನಾಳೆ.

ಒಂದು ವರ್ಷ ನಾನು ಅವರಿಗೆ ದಿನಾ ನಾಳೆ ಎಂದೆ. ಡಾಕ್ಟರು ವಯಸ್ಸು ಎಂದರು, ಕಾಯಿಲೆ ಎಂದರು. ಇರಬಹುದು. ಆದರೆ ಅವರು ಒಂದೊಂದೇ ತುತ್ತು ಕಡಿಮೆ ಮಾಡುತ್ತಾ ಬಂದದ್ದನ್ನು ನಾನು ನೋಡಿದೆ. ಮಲಗಿದರೆ ನನಗೆ ಬರುತ್ತಿದ್ದದ್ದು ಸಾಲಿಮನ ಕನಸಲ್ಲ. ಗೋಡೆಯ ಮೇಲಿನ ಆ ಬಿಳಿ ಯಂತ್ರದ್ದು. ಅದು ಹಕ್ಕಿಯ ಹಾಗೆ ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ತಾಯಿಯ ಮುಂದೆ ಹಾದು ಹೋಗುವಾಗ ಬದರ್ ಅವರ ಕಣ್ಣಿನಲ್ಲಿ ಒಂದು ಹೆದರಿಕೆ ಕಾಣುತ್ತಿತ್ತು, ಕೊಲ್ಲಬಹುದಾದವರನ್ನು ನೋಡುವ ಹಾಗೆ. ಆ ನೋಟದಲ್ಲಿ ಅರ್ಧ ಪಾಲು ನನಗೆ ಬರಬೇಕಾದದ್ದಾಗಿತ್ತು.

ಹಸನಾಕನ ಹತ್ತಿರ ಹೇಳಿಕೊಂಡೆ.

“ನೀನು ಸತ್ತಿದ್ರೆ ನಾನೇ ನಿನ್ನ ಪೆಟ್ಟಿಗೆ ಊರಿಗೆ ಕಳಿಸಬೇಕಿತ್ತು. ಬದುಕಿದ್ದೀಯಲ್ಲ. ಬದುಕಿದವನಿಗೆ ಬಾಯಿ ಉಂಟು ಮಾರಾಯ. ಹೋಗಿ ಹೇಳು.”

“ಕಳಿಸಿಬಿಟ್ಟರೆ?”

“ಕಳಿಸಿದ್ರೆ ಮೆಲ್ಕಾರಿನಲ್ಲಿ ರಿಕ್ಷಾ ಓಡಿಸು. ಎಂತ ಆಗ್ತದೆ?”

ಮರುವಾರ ಬದರ್ ಅವರನ್ನು ಅಹ್ಮದಿಯಲ್ಲಿದ್ದ ಅವರ ಆಫೀಸಿಗೆ ಬಿಡುವ ದಾರಿಯಲ್ಲಿ ಹೇಳಿದೆ. ಕನ್ನಡಿ ನೋಡದೆ, ರಸ್ತೆಯನ್ನೇ ನೋಡುತ್ತಾ, ಬ್ಯಾಟರಿಯ ವಿಷಯ, ಹಕ್ಕಿಯ ವಿಷಯ, ಮಗಳ ನಾಲ್ಕು ಹೆಜ್ಜೆ, ಎಲ್ಲವನ್ನೂ ನನ್ನ ಹರಕು ಅರಬಿಯಲ್ಲಿ ಹೇಳಿದೆ.

“ಒಂದು ವರ್ಷ ಸುಮ್ಮನಿದ್ದೆ ನೀನು” ಎಂದರು.

“ಹೌದು ಬಾಬಾ.”

“ನನ್ನ ಅಮ್ಮನೊಬ್ಬಳೇ ಮಾಡಿದ್ದು ಅಂದುಕೊಂಡಿದ್ದೆ ನಾನು.”

“ಹೌದು ಬಾಬಾ.”

ಇಳಿದು ಬಾಗಿಲನ್ನು ಜೋರಾಗಿ ಹಾಕಿ ಹೋದರು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಪೆಟ್ಟಿಗೆಗೆ ಬಟ್ಟೆ ತುಂಬಿಸಿಟ್ಟೆ. ನಾಲ್ಕನೇ ದಿನ ಅವರು ಡ್ರೈವರ್ ರೂಮಿನ ಬಾಗಿಲಿಗೆ ಬಂದು, ಪೆಟ್ಟಿಗೆಯನ್ನು ನೋಡಿ, ನೋಡದವರಂತೆ ಹೇಳಿದರು: “ನಾಳೆ ಬೆಳಗ್ಗೆ ಅಮ್ಮನನ್ನು ಕರೆದುಕೊಂಡು ಹೋಗು. ಕಾರಿನಲ್ಲಿ. ಬೆಂಕಿ, ಗ್ಯಾಸು, ಡೇರೆ ಏನೂ ಬೇಡ. ಸೋಮಾ ಜೊತೆಗಿರಲಿ. ಮಧ್ಯಾಹ್ನಕ್ಕೆ ವಾಪಸು ಬನ್ನಿ.”

ಹೋದೆವು. ಅದಕ್ಕಿಂತ ಒಂದು ವಾರ ಮೊದಲು ಮಳೆಯಾಗಿ ಬರ್‌ನಲ್ಲಿ ಗರಿಕೆಯಂಥ ಹಸಿರು ತೆಳ್ಳಗೆ ಎದ್ದಿತ್ತು. ದೂರದಲ್ಲಿ ಕುರಿಗಳು. ಬಿಸಿಲಿಗೆ ಕಂಬಳಿ ಹಾಸಿ ಮಾಮಾನನ್ನು ಕೂರಿಸಿದೆವು. ಸೋಮಾಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಮಾಮಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಆ ಹಸಿರನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ತಿಳಿಯಾಗಿತ್ತು.

“ನೀನು ಯಾರು ಮಗಾ?”

ನಾನು ಸೋಮಾಕ್ಕನತ್ತ ತಿರುಗಿದೆ. ಅವರು ಮತ್ತೆ ಕೇಳಿದರು.

“ಹಮೀದ್” ಎಂದೆ. “ನಿಮ್ಮ ಡ್ರೈವರ್.”

“ಹಮೀದ್.” ಅವರ ಬಾಯಲ್ಲಿ ಅದು ಇನ್ನಾರದೋ ಹೆಸರಿನಂತೆ ಕೇಳಿಸಿತು. “ಯಾವ ಊರು?”

ಪಾಣೆಮಂಗಳೂರು ಎಂದೆ. ಹೇಳಲು ಹೋಗಿ ಅರ್ಧಕ್ಕೆ ಬಿಟ್ಟು ನಕ್ಕರು. ಅಲ್ಲಿ ಏನಿದೆ ಎಂದು ಕೇಳಿದರು. ಹೊಳೆ ಇದೆ ಎಂದೆ. ಮಳೆಗಾಲದಲ್ಲಿ ಕೆಂಪು ನೀರು ಸೇತುವೆಯ ಹತ್ತಿರದವರೆಗೆ ಏರುತ್ತದೆ ಎಂದೆ. ಅಷ್ಟು ನೀರೇ ಎಂದು ಸೋಮಾಕ್ಕನ ಮುಖ ನೋಡಿದರು.

“ತಾಯಿ ಇದ್ದಾಳಾ ನಿನಗೆ?”

“ಇದ್ದಾರೆ. ಹೆಂಡತಿ, ಮಗಳು ಇದ್ದಾರೆ.”

“ಹಾಗಾದರೆ ಇಲ್ಲೇನು ಮಾಡುತ್ತಿದ್ದೀ?” ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. “ಮನೆಗೆ ಹೋಗು. ಅವರು ಕಾಯುತ್ತಿರುತ್ತಾರೆ.”

ಎರಡು ವರ್ಷದಿಂದ ನಾನು ಸತ್ತವನ ಹೆಸರನ್ನು ಮೈಮೇಲಿಂದ ಕಳಚಿ ಹಾಕಲು ಒದ್ದಾಡಿದ್ದೆ. ಈಗ ಅವರೇ ಅದನ್ನು ಕಳಚಿದಾಗ ನನಗೆ ಆದದ್ದು ಸಮಾಧಾನವಲ್ಲ. ಮನೆಯೊಳಗೆ ಕೂತಿದ್ದ ನನ್ನನ್ನು ಮೆಲ್ಲಗೆ ಕೈಹಿಡಿದು ಹೊರಬಾಗಿಲವರೆಗೆ ಬಿಟ್ಟುಬಂದ ಹಾಗೆ ಅನಿಸಿತು. ಒಮ್ಮೆ, ಇನ್ನೊಂದೇ ಸಲ, ಸಾಲಿಂ ಎನ್ನಲಿ ಎಂದು ಕಾದೆ. ಅವರು ಚಹಾ ಕುಡಿದು ಮುಗಿಸಿ, ಲೋಟವನ್ನು ಸೋಮಾಕ್ಕನ ಕೈಗೆ ಕೊಟ್ಟು, ಮತ್ತೆ ಕುರಿಗಳತ್ತ ನೋಡಿದರು.

ಆ ದಿನದಿಂದ ಅವರು ನನ್ನನ್ನು ಆ ಹೆಸರಿನಿಂದ ಕರೆದಿಲ್ಲ. ಬೇರೆ ಹೆಸರಿನಿಂದಲೂ ಕರೆದಿಲ್ಲ.

ಬರುವ ತಿಂಗಳು ರಜೆಗೆ ಊರಿಗೆ ಹೋಗುತ್ತಿದ್ದೇನೆ. ಉಮ್ಮನಿಗೆ ದಿನ ಹೇಳಿದ್ದೇನೆ. ಈ ಸಲ ಮರಳಿ ಹೋಗಬೇಡ ಎಂದು ನಸೀಮಾ ಹೇಳುತ್ತಾಳೆ, ಆಗಲಿ ಎಂದಿದ್ದೇನೆ. ಮೊನ್ನೆ ಬದರ್ ಅವರು ಟಿಕೆಟ್ ಮಾಡಿಸುವಾಗ ವಾಪಸು ಬರುವ ದಿನ ಯಾವುದು ಎಂದು ಕೇಳಿದರು. ಅದಕ್ಕೂ ಒಂದು ದಿನ ಹೇಳಿದೆ.